ನೆಲೆಸಿದ ನಾಡಿನಲ್ಲಿ ನಾಮಕರಣ

(ಶ್ರೀಮಠದ ಮಹೋತ್ಸವದ ಎರಡನೆಯ ದಿನದ ಸಭೆಯಲ್ಲಿ ಮಾಡಿದ ಭಾಷಣ)



ಈ ವೇದಿಕೆಯಿಂದ ನಿನ್ನೆಯೂ ಇಂದೂ ವಿದ್ವಾಂಸರು ಘನವಾದ ವಿಷಯಗಳನ್ನು ಕುರಿತು ಉಪನ್ಯಾಸಗಳನ್ನು ಮಾಡಿರುವರು. ನಾನು ವಿದ್ವಾಂಸನಲ್ಲ. ೩೪ ವರ್ಷಗಳ ಕಾಲ ಗದಗ, ಧಾರವಾಡ ಸೀಮೆಯ ಹಳ್ಳಿಯ ಪಾಠಶಾಲೆಗಳಲ್ಲಿ ಮಾಸ್ತರಿಕೆ ಮಾಡಿದವನು. ಪ್ರತಿದಿನವೂ ಮುಂಜಾನೆ ಹಾಜರಿ ಪುಸ್ತಕವನ್ನು ತೆರೆದು ಮಕ್ಕಳ ಹೆಸರು ಕೂಗುವುದೇ ನನ್ನ ಕಾಯಕದ ಮೊದಲ ಕೆಲಸವಾಗಿದ್ದಿತು. ಆದುದರಿಂದ ಹೆಸರುಗಳನ್ನು ಕುರಿತು ಮಾತನಾಡಲು ನನಗೆ ಅಲ್ಪಸ್ವಲ್ಪ ಅಧಿಕಾರವುಂಟೆಂದು ಭಾವಿಸಿ, ಈ ವಿಷಯವನ್ನು ಆರಿಸಿಕೊಂಡಿರುವೆನು.

ಒಂದು ಕಾಲದಲ್ಲಿ ಭಕ್ತರು ಕೂಸನ್ನು ಮಡಿಲಲ್ಲಿಟ್ಟುಕೊಂಡು ಮಠಕ್ಕೆ ಬಂದು, “ಬುದ್ಧೀ, ಒಂದು ಹೆಸರು ಅಪ್ಪಣೆಯಾಗಬೇಕು” ಎಂದು ಬೇಡಿಕೊಳ್ಳುತ್ತಿದ್ದರು. ಅಜ್ಜನ ಹೆಸರೋ, ಮನೆದೇವರ ಹೆಸರೋ, ಗುರುವಿನ ಹೆಸರೋ ಅಲ್ಲಿಯೇ ನಿಶ್ಚಯವಾಗುತ್ತಿದ್ದಿತು. ನನ್ನ ಒಂದೊಂದು ತರಗತಿಯಲ್ಲಿ ನಾಲ್ವರು ಬಸವರಾಜರು, ಮೂವರು ಈರಪ್ಪಗಳು ಇರುತ್ತಿದ್ದರು. ದೊಡ್ಡ ಬಸವರಾಜ, ಸಣ್ಣ ಬಸವರಾಜ, ಅಗಸಿಯ ಬಸವರಾಜ, ಕೆರೆಯೋಣಿಯ ಬಸವರಾಜ ಎಂದು ನಾನು ಅವರನ್ನು ಬೇರೆ ಬೇರೆ ಮಾಡಿಕೊಳ್ಳುತ್ತಿದ್ದೆನು. ಇದರಿಂದ ಯಾರಿಗೂ ಕುಂದೆನಿಸುತ್ತಿರಲಿಲ್ಲ. ಹೆಸರು ಹತ್ತು ಜನರಿಗೆ ಸೇರಿದ ಕೆರೆಯ ನೀರಿನಂತೆ. ಅದನ್ನು ನಾವು ಮೊಗೆದುಕೊಳ್ಳುತ್ತಿದ್ದೆವು.

ಈಗಲಾದರೋ ಇಲ್ಲಿ ಕುಳಿತಿರುವ ಅನೇಕರ ಮಕ್ಕಳು ಸಾಗರದಾಚೆ ಮನೆ ಮಾಡಿರುವರು. ಕೂಸು ಹುಟ್ಟುವುದು ಜರ್ಮನಿಯಲ್ಲಿ, ಅಮೆರಿಕದಲ್ಲಿ, ಆಸ್ಟ್ರೇಲಿಯದಲ್ಲಿ. ಹೆಸರಿನ ಮಾತು ನಡೆಯುವುದು ದೂರವಾಣಿಯಲ್ಲಿ. ಬೇಡಿಕೆಯೂ ಬದಲಾಗಿರುವುದು. “ಗಂಡು ಕೂಸು, ಎಲ್ಲರೂ ಇಡುವ ಹೆಸರು ಬೇಡ, ಅಪರೂಪದ್ದು ಬೇಕು, ಆದರೆ ಇಲ್ಲಿಯ ಜನರ ಬಾಯಲ್ಲಿ ಕೆಡಬಾರದು, ನಮ್ಮದೆಂದೂ ತಿಳಿಯಬೇಕು” ಎಂದು ಕೇಳುವರು. ಈ ಬೇಡಿಕೆಯು ನನ್ನ ಮನೆಗೂ ಬಂದಿತು. ಅದರಿಂದ ತಂದೆಮಕ್ಕಳಲ್ಲಿ ಮಾತು ನಿಂತುಹೋಗುವಷ್ಟು ಮನಸ್ತಾಪವೂ ಆಯಿತು. ಅದನ್ನು ಮುಚ್ಚಿಡದೆ ಹೇಳುವೆನು. ನನ್ನ ತಪ್ಪಿನಿಂದ ಇನ್ನೊಬ್ಬ ಅಜ್ಜನಿಗೆ ಉಪಕಾರವಾದರೆ ಸಾಕು.

ನನ್ನ ಮಗನು ೨೦೧೧ನೆಯ ಇಸವಿಯಲ್ಲಿ ಯಂತ್ರಶಿಲ್ಪದ ಉದ್ಯೋಗಕ್ಕಾಗಿ ಜರ್ಮನಿಯ ದಕ್ಷಿಣ ಭಾಗದ ಸ್ಟುಟ್‌ಗಾರ್ಟ್ ಪಟ್ಟಣಕ್ಕೆ ಹೋದನು. ಅವನ ಹೆಸರು ಚಕಾರದಿಂದ ಆರಂಭವಾಗುವುದು, ಐದಕ್ಷರದ್ದು, ನನ್ನ ಗುರುಗಳ ಹೆಸರನ್ನು ನಾನೇ ಅವನಿಗೆ ಇಟ್ಟದ್ದು. ಆ ಸೀಮೆಯವರು ಶಬ್ದದ ಮೊದಲಲ್ಲಿ ಬರುವ ಅಂಥ ಬರಹವನ್ನು ಕಕಾರವಾಗಿ ಓದುವರು. ಚೀಣಾ ದೇಶವನ್ನೇ ಅವರು ‘ಕೀನಾ’ ಎನ್ನುವರು. ಮಗನು ಒಂದು ವರ್ಷ ತಿದ್ದಿದನು, ಎರಡು ವರ್ಷ ತಿದ್ದಿದನು. ಬಳಿಕ ದಣಿದು ಬಿಟ್ಟುಬಿಟ್ಟನು. ಒಂದು ಸಂಜೆ ನಾನು ದೂರವಾಣಿಯಲ್ಲಿ ಮಾತನಾಡುತ್ತಿರುವಾಗ ಅವನ ಜೊತೆಗಾರನೊಬ್ಬನು ಹಿಂದಿನಿಂದ “ಕ್ರಿಸ್” ಎಂದು ಕೂಗಿದ್ದೂ, ನನ್ನ ಮಗನು ಅದಕ್ಕೆ ಓಗೊಟ್ಟದ್ದೂ ನನ್ನ ಕಿವಿಗೆ ಬಿದ್ದಿತು. ಅಂದು ನಾನು ಏನೂ ಕೇಳಲಿಲ್ಲ. ಅವನೂ ಏನೂ ಹೇಳಲಿಲ್ಲ. ಆದರೆ ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಮುಂದೆ ೨೦೨೨ನೆಯ ಜನವರಿಯಲ್ಲಿ ನನಗೆ ಮೊಮ್ಮಗನು ಹುಟ್ಟಿದನು. ಅಲ್ಲಿಯ ಪದ್ಧತಿಯಂತೆ ಕೂಸು ಹುಟ್ಟಿದ ಒಂದು ವಾರದೊಳಗಾಗಿ ಪಟ್ಟಣದ ನೋಂದಣಿ ಕಚೇರಿಗೆ ತಿಳಿಸತಕ್ಕದ್ದು. ಹೆಸರು ಗೊತ್ತಾಗದಿದ್ದರೆ ಒಂದು ತಿಂಗಳೊಳಗಾಗಿ ತಿಳಿಸತಕ್ಕದ್ದು. ಇನ್ನೊಂದು ಸಂಗತಿಯನ್ನೂ ಮಗನು ಹೇಳಿದನು. ೨೦೦೦ನೆಯ ಇಸವಿಯಿಂದ ನಡೆದು ಬಂದ ಕಾನೂನಿನಂತೆ, ಗೊತ್ತಾದಷ್ಟು ವರ್ಷ ನ್ಯಾಯಬದ್ಧವಾಗಿ ಅಲ್ಲಿ ನೆಲೆಸಿರುವ ಪರದೇಶೀಯರ ಮಗುವು ಹುಟ್ಟಿದಂದಿನಿಂದಲೇ ಆ ದೇಶದ ಪ್ರಜೆಯಾಗುವುದು. ತಂದೆಗೆ ಅದು ನೆಲೆಸಿದ ನಾಡು. ಕೂಸಿಗೆ ಅದೇ ಹುಟ್ಟಿದ ನಾಡು. ಈ ಮಾತನ್ನು ನಾನು ಕೇಳಿದೆನು, ಆದರೆ ಅದರ ತೂಕವನ್ನು ಆಗ ಅರಿಯಲಿಲ್ಲ.

ನಾನು ಕೂಡಲೇ ನನ್ನ ತಂದೆಯವರ ಹೆಸರನ್ನು ಹೇಳಿದೆನು: ವಿರೂಪಾಕ್ಷ. ನಮ್ಮ ಮನೆಯಲ್ಲಿ ಅದು ಒಂದು ತಲೆ ಬಿಟ್ಟು ಒಂದು ತಲೆಗೆ ಬರುತ್ತಿರುವ ಹೆಸರು. ಮಗನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಪ್ಪಾ, ಇಲ್ಲಿ ಹುಡುಗರು ಉದ್ದ ಹೆಸರನ್ನು ಮುರಿದು ಕರೆಯುವರು. ವಿರೂ ಎನ್ನುವರು, ಅದರ ಮುಂದೆ ಒಂದು ಸಕಾರ ಹತ್ತಿದರೆ ಏನಾಗುವುದೆಂದು ನೀವೇ ನೋಡಿರಿ. ಈ ಎರಡು ವರ್ಷ ಜಗತ್ತೆಲ್ಲ ಯಾವ ರೋಗಾಣುವಿಗೆ ಅಂಜಿ ಬಾಗಿಲು ಹಾಕಿಕೊಂಡಿತೋ ಅದರ ಹೆಸರು ನನ್ನ ಮಗನಿಗೆ ಹತ್ತುವುದು” ಎಂದನು. ಜರ್ಮನರು ಆ ಶಬ್ದವನ್ನು ‘ವೀರೂಸ್’ ಎಂದೇ ಉಚ್ಚರಿಸುವರಂತೆ. ನನಗೆ ಸಿಟ್ಟು ಬಂದಿತು, ಆದರೂ ತಡೆದುಕೊಂಡೆನು.

ಎರಡನೆಯ ದಿನ ಅಲ್ಲಮನ ಹೆಸರನ್ನು ಹೇಳಿದೆನು. ಸೊಸೆಯು ನಕ್ಕು, “ಮಾವಾ, ಅದನ್ನು ರೋಮನ್ ಲಿಪಿಯಲ್ಲಿ ಬರೆದರೆ ಲಾಮಾ ಎಂಬ ಒಂಟೆಯ ಜಾತಿಯ ಪ್ರಾಣಿಯ ಹೆಸರು ಅದರೊಳಗೇ ಕುಳಿತಿರುವುದು. ಮಕ್ಕಳು ಬಿಡುವರೇ?” ಎಂದಳು. ಮೂರನೆಯ ದಿನ ಆದಯ್ಯನನ್ನು ನೆನೆದೆನು. ಸೌರಾಷ್ಟ್ರದಿಂದ ವ್ಯಾಪಾರಕ್ಕೆಂದು ಬಂದು ಪುಲಿಗೆರೆಯಲ್ಲಿ ನೆಲೆಸಿ ನಮ್ಮವನಾದ ಶರಣನು ಆತನು; ಪರದೇಶದಲ್ಲಿ ಹುಟ್ಟಿದ ಕೂಸಿಗೆ ಇದಕ್ಕಿಂತ ಒಪ್ಪುವ ಹೆಸರುಂಟೇ ಎಂದು ಹಿಗ್ಗಿದೆನು. ಮನೆಯಲ್ಲಿ ‘ಆದಿ’ ಎಂದು ಕರೆದರಾಯಿತು ಎಂದೆನು. ಆಗ ಮಗನು ಹೇಳಿದ ಮಾತು ನನಗೆ ಹೊಸದು. ಆ ದೇಶದಲ್ಲಿ ‘ಆಡಿ’ ಎಂಬುದು ಅಡಾಲ್ಫ್ ಎಂಬ ಹೆಸರಿನ ಮೊಟಕು ರೂಪ. ಅಡಾಲ್ಫ್ ಡಾಸ್ಲರ್ ಎಂಬಾತನು ೧೯೪೯ರಲ್ಲಿ ತನ್ನ ಪಾದರಕ್ಷೆಯ ಕಾರಖಾನೆಗೆ ತನ್ನ ಮೊಟಕು ಹೆಸರನ್ನೂ ಮನೆತನದ ಹೆಸರಿನ ಮೊದಲಕ್ಷರಗಳನ್ನೂ ಕೂಡಿಸಿಯೇ ‘ಆಡಿಡಾಸ್’ ಎಂದು ಹೆಸರಿಟ್ಟನು. ಆದರೆ ಹಿಟ್ಲರನ ಕಾಲದ ಬಳಿಕ ಆ ಹೆಸರನ್ನು ಮಕ್ಕಳಿಗೆ ಇಡುವವರು ಅಲ್ಲಿ ತೀರ ವಿರಳ.

ಅದೇ ಕಾರಣದಿಂದ ನಮ್ಮಲ್ಲಿ ಈಗ ಹೆಚ್ಚಾಗಿ ಕೇಳಿಬರುವ ಆರ್ಯನ್, ಸ್ವಸ್ತಿಕ್ ಎಂಬ ಹೆಸರುಗಳನ್ನೂ ಅವರು ಬಿಟ್ಟಿದ್ದರು. ನಮಗೆ ಇವು ಮಂಗಳಕರವಾದ ಶಬ್ದಗಳು. ಅಲ್ಲಿಯಾದರೋ, ಆರ್ಯನೆಂಬ ಶಬ್ದವನ್ನು ಹಿಡಿದುಕೊಂಡು ನಾಜಿಗಳು ಲಕ್ಷಾವಧಿ ಜನರನ್ನು ಕೊಂದರು. ಅವರ ಪಕ್ಷದ ಗುರುತನ್ನು ಪ್ರದರ್ಶಿಸುವುದು ಇಂದು ಅಲ್ಲಿ ದಂಡನೀಯವಾದ ಅಪರಾಧ. ಇನ್ನೂ ಒಂದು ಸಂಗತಿಯನ್ನು ಮಗನು ಹೇಳಿದನು. ೧೯೩೮ನೆಯ ಆಗಸ್ಟ್ ೧೭ರಂದು ಹೊರಟ ಒಂದು ಸರಕಾರಿ ಕಟ್ಟಳೆಯಂತೆ, ಸರಕಾರವು ಗೊತ್ತುಮಾಡಿದ ಪಟ್ಟಿಯಲ್ಲಿನ ಹೆಸರುಗಳಿಲ್ಲದ ಯೆಹೂದ್ಯ ಗಂಡಸರೆಲ್ಲರೂ ತಮ್ಮ ಹೆಸರಿಗೆ ‘ಇಸ್ರಾಯೇಲ್’ ಎಂದೂ ಹೆಂಗಸರೆಲ್ಲರೂ ‘ಸಾರಾ’ ಎಂದೂ ಮರುವರ್ಷದ ಜನವರಿ ೧ರಿಂದ ಸೇರಿಸಿಕೊಳ್ಳಬೇಕಾಯಿತು. ತಾಯಿಯು ಪ್ರೀತಿಯಿಂದ ಕೊಡತಕ್ಕ ಹೆಸರನ್ನು ದೊರೆತನವು ದನಕ್ಕೆ ಹಾಕುವ ಬರೆಯಂತೆ ಹಾಕಿತು. ಇಂಥ ನೆಲದಲ್ಲಿ ಹೆಸರೆಂಬುದು ಹಗುರವಾದ ಮಾತಲ್ಲವೆಂದು ನನಗೆ ಅಂದು ಸ್ವಲ್ಪ ಹೊಳೆಯಿತು.

ಬೇರೆ ದೇಶಗಳ ಪದ್ಧತಿಯನ್ನೂ ಇಲ್ಲಿ ಎರಡು ಮಾತಿನಲ್ಲಿ ಹೇಳುವುದು ಯುಕ್ತ. ಫ್ರಾನ್ಸಿನಲ್ಲಿ ೧೮೦೩ರ ಕಾನೂನು ಪಂಚಾಂಗದ ಸಂತರ ಹೆಸರುಗಳನ್ನೂ ಪುರಾತನ ಇತಿಹಾಸದ ಹೆಸರುಗಳನ್ನೂ ಮಾತ್ರ ಒಪ್ಪಿದ್ದಿತು. ಕಾಲಕಾಲಕ್ಕೆ ಸಡಿಲುತ್ತ ಬಂದ ಈ ಬಿಗಿಯು ೧೯೯೩ರಲ್ಲಿ ಪೂರ್ಣವಾಗಿ ಬಿಚ್ಚಿತು. ಐಸ್‌ಲೆಂಡ್ ದ್ವೀಪದಲ್ಲಿ ಹೊಸ ಹೆಸರುಗಳನ್ನು ಪರಿಶೀಲಿಸುವುದಕ್ಕೆ ೧೯೯೧ರಿಂದ ಒಂದು ಸಮಿತಿಯೇ ಉಂಟು. ಆ ದೇಶದ ಪೌರರಾಗಬಯಸಿದ ಪರದೇಶೀಯರು ಐಸ್‌ಲೆಂಡಿನ ಹೆಸರನ್ನೇ ತೆಗೆದುಕೊಳ್ಳಬೇಕೆಂಬ ಕಟ್ಟಳೆಯು ಹಿಂದೆ ಇದ್ದು, ೧೯೯೬ರ ಕಾನೂನಿನ ಕಾಲಕ್ಕೆ ಅದು ಇಲ್ಲದಂತಾಯಿತು. ಜರ್ಮನಿಯಲ್ಲಿ ಹೆಸರುಗಳ ಪಟ್ಟಿಯೆಂಬುದಿಲ್ಲ. ಹೆಸರಿನಿಂದ ಮಗುವಿನ ಹಿತಕ್ಕೆ ಬಾಧೆಯಾಗಬಾರದೆಂಬುದೇ ಮುಖ್ಯ ನಿಯಮ. ಸಂದೇಹ ಬಂದರೆ ಲೈಪ್‌ಜಿಗ್ ವಿಶ್ವವಿದ್ಯಾಲಯದಲ್ಲಿ ಹೆಸರುಗಳನ್ನೇ ಅಭ್ಯಸಿಸುವ ಪಂಡಿತರ ಅಭಿಪ್ರಾಯವನ್ನು ಕೇಳುವುದುಂಟು.

ಅಲ್ಲಿಯೂ ಹೆಸರು ಕೇಳಿದೊಡನೆ ಗಂಡೋ ಹೆಣ್ಣೋ ತಿಳಿಯಬೇಕೆಂದು ಕಚೇರಿಗಳು ಬಹುಕಾಲ ಪಟ್ಟು ಹಿಡಿಯುತ್ತಿದ್ದವು. ಭಾರತದ ನಂಟುಳ್ಳ ಒಂದು ಕುಟುಂಬವು ತಮ್ಮ ಹೆಣ್ಣು ಕೂಸಿಗೆ ‘ಕಿರಣ್’ ಎಂದು ಹೆಸರಿಟ್ಟಾಗ, ಅದು ಗಂಡಿಗೂ ಹೆಣ್ಣಿಗೂ ಸಲ್ಲುವ ಹೆಸರೆಂದು ಕಚೇರಿಯು ನಿರಾಕರಿಸಿತು. ತಂದೆತಾಯಿಗಳು ಬಿಡಲಿಲ್ಲ. ಆ ದೇಶದ ಸಂವಿಧಾನ ನ್ಯಾಯಾಲಯವು ೨೦೦೮ನೆಯ ಡಿಸೆಂಬರ್ ೫ರಂದು ಅವರ ಪರವಾಗಿ ತೀರ್ಪು ಕೊಟ್ಟು, ಹೆಸರು ಲಿಂಗಸೂಚಕವಾಗಿರಬೇಕೆಂದು ಯಾವ ಕಾನೂನೂ ಹೇಳುವುದಿಲ್ಲವೆಂದೂ, ಮಗುವಿಗೆ ಕೇಡಾಗುವಂತಿದ್ದರೆ ಮಾತ್ರ ತಡೆಯಬಹುದೆಂದೂ ಸಾರಿತು. ನಮ್ಮ ಓಣಿಯಲ್ಲಿ ದಿನಾಲು ಕೂಗುವ ಒಂದು ಹೆಸರು ಪರದೇಶದ ಪರಮೋಚ್ಚ ನ್ಯಾಯಪೀಠದವರೆಗೆ ಹೋಗಿ ಗೆದ್ದುಬಂದಿತು.

ಇದನ್ನು ಕೇಳಿ ನನಗೆ ಧೈರ್ಯ ಬಂದಿತು. “ಹಾಗಾದರೆ ಕಾನೂನು ನಿನಗೆ ಅಡ್ಡಿಯಲ್ಲ, ನಿನ್ನ ಅಂಜಿಕೆಯೇ ನಿನಗೆ ಅಡ್ಡಿ. ವಿರೂಪಾಕ್ಷನೆಂದೇ ಇಡು” ಎಂದೆನು. ಮಗನು “ಇದು ನನ್ನ ಅಂಜಿಕೆಯಲ್ಲ ಅಪ್ಪಾ, ನನ್ನ ಅನುಭವ” ಎಂದನು. ಆಗ ನಾನು ಆಡಬಾರದ ಮಾತನ್ನು ಆಡಿದೆನು: “ನಿನ್ನ ಹೆಸರನ್ನೇ ಮಾರಿಕೊಂಡವನು ನಿನ್ನ ಮಗನಿಗೆ ಎಂಥ ಹೆಸರಿಡುವಿ? ಅವನಿಗೂ ಒಂದು ಕ್ರಿಸ್ ಎಂದು ಇಟ್ಟುಬಿಡು.” ಆ ಕಡೆಯಿಂದ ಉತ್ತರ ಬರಲಿಲ್ಲ. ಒಂಬತ್ತು ದಿನ ಅವನು ಮಾತನಾಡಲಿಲ್ಲ, ನಾನೂ ಮಾತನಾಡಲಿಲ್ಲ. ಕೂಸು ಹೆಸರಿಲ್ಲದೆಯೇ ಇದ್ದಿತು.

ಹತ್ತನೆಯ ದಿನ ನಮ್ಮ ಮನೆಯವರು ರೊಟ್ಟಿ ಬಡಿಯುತ್ತ ಕುಳಿತಲ್ಲಿಂದಲೇ ಒಂದು ಮಾತು ಅಂದರು. “ಹೆಸರು ಕೂಸಿಗೋ, ನಿಮಗೋ? ನಿಮ್ಮ ಅಪ್ಪನ ನೆನಪು ನಿಮಗೆ ಬೇಕಾದರೆ ಪಟದ ಮುಂದೆ ದೀಪ ಹಚ್ಚಿರಿ. ಹೊತ್ತುಕೊಂಡು ತಿರುಗುವವನು ಅವನು. ಹೊರೆ ಅವನ ತಲೆಗೆ ಹಿಡಿಸಬೇಕು.” ಹೊರೆ ಎಂಬ ಆ ಒಂದು ಶಬ್ದವು ನನ್ನನ್ನು ಬೇರೊಂದು ಕಡೆಗೆ ಒಯ್ದಿತು. ತಲೆಯ ಮೇಲೆ ಕಟ್ಟಿಗೆಯ ಹೊರೆ ಹೊತ್ತು ಕಲ್ಯಾಣದ ಬೀದಿಯಲ್ಲಿ ನಡೆದ ಮೋಳಿಗೆಯ ಮಾರಯ್ಯನು ನನ್ನ ನೆನಪಿಗೆ ಬಂದನು.

ಆ ಕಥೆಯು ತಮ್ಮೆಲ್ಲರಿಗೂ ತಿಳಿದದ್ದೇ. ಪರಂಪರೆಯು ಹೇಳುವಂತೆ ಆತನು ಕಾಶ್ಮೀರದ ಅರಸು. ಮಹಾದೇವ ಭೂಪಾಲನೆಂಬುದು ಆತನ ಹೆಸರು. ಅರಸುತನವನ್ನು ಬಿಟ್ಟು, ಮಡದಿಯೊಡನೆ ಕಲ್ಯಾಣಕ್ಕೆ ಬಂದು, ಕಾಡಿನಿಂದ ಕಟ್ಟಿಗೆ ತಂದು ಮಾರಿ, ಅದರಿಂದ ಬಂದುದರಲ್ಲಿ ದಾಸೋಹ ಮಾಡಿದನು. ಈ ಕಥೆಯನ್ನು ಎಷ್ಟೋ ಸಲ ಮಕ್ಕಳಿಗೆ ಹೇಳಿದ್ದೆನು. ಆದರೆ ಅದರೊಳಗಿನ ಹೆಸರಿನ ಸಂಗತಿಯನ್ನು ನಾನು ಲಕ್ಷ್ಯಕ್ಕೆ ತಂದುಕೊಂಡಿರಲಿಲ್ಲ. ತನ್ನ ದೇಶದಿಂದ ಹೊರಟಾಗ ಆತನ ಹೆಸರಿನ ಹಿಂದೆ ‘ಭೂಪಾಲ’ ಎಂಬುದಿದ್ದಿತು. ಅದು ಹುಟ್ಟಿನಿಂದ ಬಂದದ್ದು. ನೆಲೆಸಿದ ನಾಡಿನಲ್ಲಿ ಅದು ಕಳಚಿಬಿದ್ದಿತು. ಉಳಿದದ್ದು ‘ಮಾರ’ ಎಂಬ ಎರಡಕ್ಷರ. ನಮ್ಮ ಹೊಲಗದ್ದೆಗಳಲ್ಲಿ ದುಡಿಯುವವರ ಹೆಸರು. ಆ ಮಾರನಿಗೆ ‘ಅಯ್ಯ’ ಎಂದು ಕೂಡಿಸಿದವರು ಯಾರು? ಆತನ ತಂದೆತಾಯಿಗಳಲ್ಲ, ಕಲ್ಯಾಣದ ಜನರು. ಕಟ್ಟಿಗೆಯ ಹೊರೆಯನ್ನು ನೋಡಿ, ಆತನ ನಡೆಯನ್ನು ನೋಡಿ ಕೂಡಿಸಿದರು.

ಶರಣರ ಹೆಸರುಗಳನ್ನೆಲ್ಲ ಒಮ್ಮೆ ಹಾಜರಿ ಪುಸ್ತಕದಂತೆ ಓದಿ ನೋಡಿರಿ. ಚೆನ್ನ, ಚೌಡ, ಬೊಮ್ಮ, ಚಂದ, ಮಾದ, ಮುದ್ದ: ಇವು ಆ ಕಾಲದ ಅತಿ ಸಾಮಾನ್ಯವಾದ ಹೆಸರುಗಳು. ಇವರ ಮನೆಯಲ್ಲಿ ಯಾರೂ ಅಪರೂಪದ ಹೆಸರನ್ನು ಹುಡುಕುತ್ತ ಕುಳಿತಿರಲಾರರು. ಆದರೆ ಚೆನ್ನಯ್ಯ, ಚೌಡಯ್ಯ, ಬೊಮ್ಮಯ್ಯ, ಚಂದಯ್ಯ, ಮುದ್ದಯ್ಯ ಎಂದೊಡನೆ ನಾವು ಕೈಮುಗಿಯುವೆವು. ಹೆಸರಿನ ಅರ್ಧವನ್ನು ತೊಟ್ಟಿಲಲ್ಲಿ ತಾಯ್ತಂದೆಗಳು ಕೊಡುವರು. ಉಳಿದರ್ಧವನ್ನು ಬಾಳಿದ ಮೇಲೆ ನೆಲೆಸಿದ ನಾಡು ಕೊಡುವುದು. ನಾನಾದರೋ ಎರಡೂ ಅರ್ಧಗಳನ್ನು ತೊಟ್ಟಿಲಲ್ಲಿಯೇ ಕೂಸಿನ ಮೇಲೆ ಹೊರಿಸುವುದಕ್ಕೆ ಹೊರಟಿದ್ದೆನು. ಅಂದೇ ಮಗನಿಗೆ ಕರೆ ಮಾಡಿ, “ತಮ್ಮಾ, ನನ್ನ ಮಾತು ತಪ್ಪಾಯಿತು. ನಿಮ್ಮಿಬ್ಬರಿಗೂ ಒಪ್ಪುವ ಹೆಸರಿಡಿರಿ” ಎಂದೆನು.

ಆಗ ಸೊಸೆಯು ಒಂದು ಹೆಸರನ್ನು ಹೇಳಿದಳು: ಬಸವ. ನಾನು ದಿಗ್ಭ್ರಮೆಗೊಂಡೆನು. “ಬಸವರಾಜನೋ, ಬಸವೇಶನೋ?” ಎಂದು ಕೇಳಿದೆನು. “ಬರಿಯ ಬಸವ, ಮಾವಾ” ಎಂದಳು. ಹಿಂದೆ ಮುಂದೆ ಏನೂ ಇಲ್ಲದ ಬಸವನೆಂಬ ಹೆಸರು ನನ್ನ ೩೪ ವರ್ಷದ ಹಾಜರಿ ಪುಸ್ತಕಗಳಲ್ಲಿ ಒಂದೂ ಇರಲಿಲ್ಲ. ಅಪ್ಪನನ್ನೋ ಅಣ್ಣನನ್ನೋ ರಾಜನನ್ನೋ ಸೇರಿಸದೆ ಆ ಹೆಸರನ್ನು ಬರಿದಾಗಿ ಕರೆಯುವುದು ಅವಿನಯವೆಂದೂ, ನಮ್ಮ ಜನ ಕೋಲೆ ಬಸವನೆಂದು ನಗುವರೆಂದೂ ಹೇಳಿದೆನು. ಅದಕ್ಕೆ ಅವಳು ಶಾಂತವಾಗಿ, “ಬಾಗೇವಾಡಿಯಲ್ಲಿ ಮಾದರಸ ಮಾದಲಾಂಬಿಕೆಯರು ಕೂಸಿಗೆ ಇಟ್ಟ ಹೆಸರು ಬಸವನೆಂದೇ ಅಲ್ಲವೇ? ಅಣ್ಣನೆಂದವರು ಆಮೇಲಿನ ಜನರು. ನಾವೂ ಅಷ್ಟನ್ನೇ ಇಡುವೆವು, ಮುಂದಿನದು ಅವನ ಕೈಯಲ್ಲಿರಲಿ” ಎಂದಳು. ಹತ್ತು ದಿನ ಕಷ್ಟಪಟ್ಟು ನಾನು ಕಂಡುಕೊಂಡ ಮಾತನ್ನು ಆ ಹೆಣ್ಣುಮಗಳು ಮೊದಲೇ ಅರಿತಿದ್ದಳು. ನಮ್ಮ ಊರಲ್ಲಿ ಮನೆಗೊಬ್ಬ ಬಸವರಾಜನಿರುವಾಗ, ಆ ಪಟ್ಟಣದಲ್ಲಿ ಇದು ಅಪರೂಪದ ಹೆಸರು. ಬರಿದಾಗಿ ಇಟ್ಟುದರಿಂದ ನಮ್ಮಲ್ಲಿಯೂ ಅಪರೂಪವೇ ಆಯಿತು.

ತೊಟ್ಟಿಲ ಕಾರ್ಯವು ಅಲ್ಲಿಯೇ ಆಯಿತು. ಹೆಸರನ್ನು ಕೂಸಿನ ಕಿವಿಯಲ್ಲಿ ಹೇಳತಕ್ಕವಳು ಸೋದರತ್ತೆ. ನನ್ನ ಮಗಳು ಗದಗಿನಲ್ಲಿದ್ದಳು. ಅವಳು ಇಲ್ಲಿ ದೂರವಾಣಿಯ ಮುಂದೆ ಬಾಗಿ ಮೂರು ಸಲ ಹೆಸರು ಹೇಳಿದಳು. ಅಲ್ಲಿ ಮಗನು ಯಂತ್ರವನ್ನು ಕೂಸಿನ ಕಿವಿಗೆ ಹಿಡಿದನು. ಇಲ್ಲಿ ದೀಪ ಹಚ್ಚುವ ಹೊತ್ತು, ಅಲ್ಲಿ ಹೊತ್ತು ನೆತ್ತಿಯ ಮೇಲೆ. ಕೂಸು ಅತ್ತಿತು, ಎಲ್ಲರೂ ನಕ್ಕರು, ನಾನು ಮಾತ್ರ ಹೊರಗೆ ಹೋಗಿ ಕಣ್ಣೊರೆಸಿಕೊಂಡು ಬಂದೆನು.

ಕಳೆದ ೨೦೨೫ನೆಯ ಇಸವಿಯ ಬೇಸಿಗೆಯಲ್ಲಿ ನಾವಿಬ್ಬರೂ ಅಲ್ಲಿಗೆ ಹೋಗಿ ಎರಡು ತಿಂಗಳು ಇದ್ದು ಬಂದೆವು. ಮೊಮ್ಮಗನಿಗೆ ಮೂರು ವರ್ಷ ತುಂಬಿ, ಶಿಶುವಿಹಾರಕ್ಕೆ ಹೋಗುತ್ತಿದ್ದನು. ಜರ್ಮನಿಯ ಉತ್ತರ ಭಾಗದವರು ಎರಡು ಸ್ವರಗಳ ನಡುವಿನ ಸಕಾರವನ್ನು ಇಂಗ್ಲಿಷಿನ ‘ಝೆಡ್’ ಅಕ್ಷರದಂತೆ ಒತ್ತಿ ನುಡಿಯುವರು. ಅವರ ಬಾಯಲ್ಲಿ ನಮ್ಮ ಬಸವನು ‘ಬಝಾವಾ’ ಆಗುವನು. ಶಿಶುವಿಹಾರದ ಬಾಯಿಯವರು ಆ ಕಡೆಯವರು. ಒಂದು ಮುಂಜಾನೆ ಅವರು ಹಾಜರಿ ಕೂಗುವುದನ್ನು ನಾನು ಬಾಗಿಲಲ್ಲಿ ನಿಂತು ಕೇಳಿದೆನು. ಮೊಮ್ಮಗನು ಎದ್ದು ನಿಂತು ತನ್ನ ಹೆಸರನ್ನು ತಾನೇ ಒಂದು ಸಲ ನಿಧಾನವಾಗಿ ಹೇಳಿದನು. ಬಾಯಿಯವರು ಮತ್ತೆ ಕೂಗಿದರು. ಈ ಸಲ ಸರಿಯಾಯಿತು. ಅವನು ಕುಳಿತನು. ಜಗಳವಿಲ್ಲ, ನಾಚಿಕೆಯಿಲ್ಲ. ನನ್ನ ಮಗನು ಪಕ್ಕದಲ್ಲಿ ನಿಂತಿದ್ದನು. ನಾವಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಲಿಲ್ಲ. ಎರಡು ವರ್ಷ ತಿದ್ದಿ ದಣಿದ ತಂದೆಯ ಕೆಲಸವನ್ನು ಮೂರು ವರ್ಷದ ಮಗನು ಕೈಗೆತ್ತಿಕೊಂಡಿದ್ದನು.

ಸ್ಟುಟ್‌ಗಾರ್ಟ್ ಇರುವ ಸ್ವಾಬಿಯಾ ಸೀಮೆಯ ಹಳೆಯ ಜನರಾದರೋ ಸಕಾರವನ್ನು ಸಕಾರವಾಗಿಯೇ ನುಡಿಯುವರು. ಮಗನ ಮನೆಯ ಕೆಳಗೆ ಎಂಬತ್ತು ದಾಟಿದ ಒಬ್ಬ ಮುದುಕಿ ಇರುವಳು. ಆಕೆ ಮೊಮ್ಮಗನನ್ನು ‘ಬಸವ್ಲೆ’ ಎಂದು ಕರೆಯುವಳು. ಹೀಗೇಕೆಂದು ಕೇಳಿದೆನು. ಆ ಸೀಮೆಯಲ್ಲಿ ಪ್ರೀತಿಯ ಚಿಕ್ಕ ವಸ್ತುವಿಗೆಲ್ಲ ‘ಲೆ’ ಎಂದು ಕೊನೆಗೆ ಕೂಡಿಸುವುದು ವಾಡಿಕೆಯಂತೆ. ಮನೆಯು ಪುಟ್ಟದಾದರೆ ಅದಕ್ಕೂ ‘ಲೆ’, ಕೂಸಿಗೂ ‘ಲೆ’. ನಾವು ಅಪ್ಪ, ಅಣ್ಣ ಎಂದು ಕೂಡಿಸುವಂತೆಯೇ! ನಾನು ಬರಿದಾಯಿತೆಂದು ಮರುಗಿದ ಹೆಸರಿಗೆ ಆ ನಾಡು ಆಗಲೇ ತನ್ನ ಕೈಯಿಂದ ಒಂದಕ್ಷರವನ್ನು ಕೂಡಿಸಿದ್ದಿತು. ಮುಂದೆ ಅವನ ನಡೆಯನ್ನು ನೋಡಿ ಇನ್ನೇನನ್ನು ಕೂಡಿಸುವುದೋ ಶಿವನೇ ಬಲ್ಲನು.

ಇನ್ನೊಂದು ಸಂಗತಿಯನ್ನು ಅಲ್ಲಿಯೇ ಅರಿತೆನು. ನಮ್ಮಲ್ಲಿ ಅನೇಕರಿಗೆ ಮನೆತನದ ಹೆಸರನ್ನು ಬರೆಯುವ ರೂಢಿ ಇಲ್ಲ. ಊರಿನ ಅಕ್ಷರ, ತಂದೆಯ ಅಕ್ಷರ ಬರೆದರೆ ಮುಗಿಯಿತು. ಪರದೇಶದ ಕಚೇರಿಗಳಲ್ಲಿ ಇದು ನಡೆಯದು. ಆದುದರಿಂದ ನನ್ನ ಮಗನು ತನ್ನ ರಹದಾರಿಯಲ್ಲಿ ಮನೆತನದ ಹೆಸರಿನ ಸ್ಥಳದಲ್ಲಿ ನನ್ನ ಹೆಸರನ್ನು ಬರೆಯಿಸಿದ್ದನು. ಮೊಮ್ಮಗನ ಜನ್ಮಪತ್ರದಲ್ಲಿಯೂ ಅದೇ ಬಂದಿರುವುದು. ವೈದ್ಯರ ಮನೆಯಲ್ಲಿ ನನ್ನ ಹೆಸರನ್ನು ಗಟ್ಟಿಯಾಗಿ ಕೂಗಿದಾಗ ನಾನು ಥಟ್ಟನೆ ಎದ್ದು ನಿಂತೆನು; ಆದರೆ ಅವರು ಕೂಗಿದ್ದು ನನ್ನನ್ನಲ್ಲ, ಮೊಮ್ಮಗನನ್ನು. ತಂದೆಯ ಹೆಸರು ಉಳಿಯಲಿಲ್ಲವೆಂದು ನಾನು ಜಗಳವಾಡಿದೆನು. ನನ್ನ ಹೆಸರು ನನ್ನನ್ನು ಕೇಳದೆಯೇ ಅಲ್ಲಿ ಬೇರು ಬಿಟ್ಟಿದ್ದಿತು. ಮಗನು ಹೆಸರನ್ನು ಮಾರಿಕೊಂಡವನೆಂದು ನಾನು ಆಡಿದ ಮಾತು ಆ ಕ್ಷಣದಲ್ಲಿ ನನಗೇ ಚುಚ್ಚಿತು.

ಶರಣಬಂಧುಗಳೇ, ನನ್ನ ಅನುಭವದಿಂದ ಹುಟ್ಟಿದ ನಾಲ್ಕು ಸೂಚನೆಗಳನ್ನು ಹೇಳಿ ಮುಗಿಸುವೆನು. ಮೊದಲನೆಯದು: ಹೆಸರನ್ನು ನಿಶ್ಚಯಿಸುವ ಮೊದಲು ಅದನ್ನು ಮೂರು ಬಾಯಿಗಳಲ್ಲಿ ಹೇಳಿಸಿ ನೋಡಿರಿ: ಊರಲ್ಲಿರುವ ಅಜ್ಜಿಯ ಬಾಯಿ, ಅಲ್ಲಿಯ ನೆರೆಯವರ ಬಾಯಿ, ಅಲ್ಲಿಯ ಶಾಲೆಯ ಹುಡುಗರ ಬಾಯಿ. ನಮ್ಮ ಜಕಾರವನ್ನು ರೋಮನ್ ಲಿಪಿಯಲ್ಲಿ ಬರೆದರೆ ಜರ್ಮನರು ಯಕಾರವಾಗಿ ಓದುವರು. ಸ್ಪೇನಿನವರು ಗಂಟಲಿನ ಹಕಾರವಾಗಿ ಓದುವರು. ಫ್ರೆಂಚರು ಹಕಾರವನ್ನೇ ನುಡಿಯರು. ಅವರಲ್ಲಿ ಹರ್ಷನು ಅರ್ಷನಾಗುವನು. ಇದು ಅವರ ತಪ್ಪಲ್ಲ, ಅವರ ನಾಲಿಗೆಯ ರೂಢಿ. ಮೊಟಕು ಮಾಡಿದರೆ ಏನಾಗುವುದೆಂಬುದನ್ನೂ ಮೊದಲೇ ನೋಡಿರಿ.

ಎರಡನೆಯದು: ಆ ನಾಡಿನ ಹಳೆಯ ಗಾಯಗಳನ್ನು ಕೇಳಿ ತಿಳಿಯಿರಿ, ನಮಗೆ ಮಂಗಳವಾದುದು ಅಲ್ಲಿಯ ಮುದುಕರಿಗೆ ಶೂಲವಾಗಿರಬಹುದು. ಮೂರನೆಯದು: ಜನ್ಮಪತ್ರ, ರಹದಾರಿ, ನಮ್ಮ ಸರಕಾರವು ಸಾಗರೋತ್ತರ ಭಾರತೀಯರಿಗೆ ಕೊಡುವ ಗುರುತಿನ ಚೀಟಿ, ಇವೆಲ್ಲವುಗಳಲ್ಲಿ ಅಕ್ಷರಗಳು ಒಂದೇ ತೆರನಾಗಿರಲಿ, ಒಂದಕ್ಷರ ಹೆಚ್ಚುಕಡಿಮೆಯಾದರೆ ಮಗುವು ಜೀವಮಾನವೆಲ್ಲ ಸಮಜಾಯಿಷಿ ಹೇಳುತ್ತಿರಬೇಕಾಗುವುದು. ನಾಲ್ಕನೆಯದು: ಹೆಸರಿನ ಕಥೆಯನ್ನು ಮಗುವಿಗೆ ಕಲಿಸಿರಿ. ಅಪರೂಪದ ಹೆಸರನ್ನು ಹೊತ್ತವನನ್ನು ಜನರು “ಇದರ ಅರ್ಥವೇನು?” ಎಂದು ಕೇಳಿಯೇ ಕೇಳುವರು. ಒಂದು ಮಾತಿನಲ್ಲಿ ಉತ್ತರ ಕೊಡಬಲ್ಲ ಮಗುವಿಗೆ ಹೆಸರು ಆಭರಣ. ಉತ್ತರ ತಿಳಿಯದ ಮಗುವಿಗೆ ಅದೇ ಹೆಸರು ಭಾರ.

ಪರರ ನಾಲಿಗೆ ನಮ್ಮ ಹೆಸರಿಗೆ ಒಗ್ಗದೆಂದು ನಿರಾಶರಾಗಲೂ ಕಾರಣವಿಲ್ಲ. ೧೮೫೩ರಲ್ಲಿ ಕನ್ನಡ ನಾಡಿಗೆ ಬಂದ ಫರ್ಡಿನೆಂಡ್ ಕಿಟೆಲ್ ಜರ್ಮನನೇ. ಲಕಾರ, ಳಕಾರಗಳನ್ನು ಮಾತ್ರವಲ್ಲದೆ, ನಾವೇ ಮರೆತಿದ್ದ ಹಳೆಯ ೞಕಾರವನ್ನೂ ಬಿಡಿಸಿ ತೋರಿಸಿ, ೧೮೯೪ರಲ್ಲಿ ನಮಗೆ ನಿಘಂಟನ್ನು ಕೊಟ್ಟನು. ಆತನು ೧೯೦೩ರಲ್ಲಿ ತೀರಿಕೊಂಡದ್ದು ನನ್ನ ಮೊಮ್ಮಗನ ಊರಿಗೆ ಸಮೀಪದ ಟ್ಯೂಬಿಂಗೆನ್ ಪಟ್ಟಣದಲ್ಲಿ. ನಮ್ಮ ಅಜ್ಜಂದಿರು ಆತನನ್ನು ಪರಕೀಯನೆಂದು ತಳ್ಳಲಿಲ್ಲ; ಕಿಟೆಲ್ ಎಂಬ ಹೆಸರನ್ನು ನಮ್ಮ ನಾಲಿಗೆಗೆ ಒಗ್ಗಿಸಿಕೊಂಡು ಗೌರವದಿಂದ ಉಚ್ಚರಿಸಿದರು. ಒಂದು ನಾಡು ಇನ್ನೊಂದು ನಾಡಿನ ಹೆಸರನ್ನು ಸರಿಯಾಗಿ ಕರೆಯಲು ಕಲಿಯುವುದು ಆ ಹೆಸರನ್ನು ಹೊತ್ತವನ ದುಡಿಮೆಯಿಂದ.

ಆದುದರಿಂದ ನೆಲೆಸಿದ ನಾಡಿನಲ್ಲಿ ಹೆಸರಿಡುವವರು ಅಪರೂಪದ ಹೆಸರನ್ನೇ ಇಡಲಿ, ಅದರಲ್ಲಿ ದೋಷವಿಲ್ಲ. ಆದರೆ ಅಪರೂಪವು ಅಕ್ಷರಗಳಲ್ಲಿ ಇರುವುದೆಂದು ಭ್ರಮಿಸದಿರಲಿ. ನಮ್ಮ ಕೈಯಲ್ಲಿರುವುದು ಅರ್ಧ ಹೆಸರು ಮಾತ್ರ. ಅದನ್ನು ಹಗುರವಾಗಿ, ಶುದ್ಧವಾಗಿ, ಪ್ರೀತಿಯಿಂದ ಕೂಸಿನ ಕಿವಿಯಲ್ಲಿ ಹೇಳಿ, ಉಳಿದರ್ಧಕ್ಕೆ ಸ್ಥಳವನ್ನು ಬಿಡುವುದೇ ಹಿರಿಯರ ಧರ್ಮ.